ನಾಗರಹೊಳೆ: ಜಿಂಕೆ ಎಣಿಕೆ ಮತ್ತು ಕ್ಯಾಮೆರಾ ಟ್ರ್ಯಾಪ್

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ತಾಲ್ಲೂಕುಗಳಿಂದ ಕೊಡಗಿನವರೆಗೆ ಹಬ್ಬಿರುವ ನಾಗರಹೊಳೆ ಕಾಡು ಒಂದು ಕಾಲಕ್ಕೆ ಬೇಟೆಯ ನೆಲ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಬರ್ಕಗಳನ್ನು ಇಲ್ಲಿ ಕೊಲ್ಲುವ ಕಾಲ ಹೋಗಿ ಎಣಿಸಿ ಕಾಯುವ ಕಾಲ ಬಂದದ್ದು ಕಳೆದ ಐದು ದಶಕಗಳಲ್ಲಿ.  

ಮೈಸೂರು ಅರಸರ ಆಳ್ವಿಕೆಯಲ್ಲಿ ಕಬಿನಿ ದಂಡೆಯ ಕಾಕನಕೋಟೆ ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾಗಿತ್ತು. ಅರಮನೆಯ ಅತಿಥಿಗಳು ಬೇಟೆಗೆ ಬಂದು ತಂಗುತ್ತಿದ್ದ ಬಂಗಲೆ ಕಾರಾಪುರದಲ್ಲಿ ಇಂದಿಗೂ ಇದೆ, ಪ್ರವಾಸಿಗರ ತಂಗುದಾಣವಾಗಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿತು. 1955ರಲ್ಲಿ ಕೊಡಗಿನ ಕಡೆ ಘೋಷಿಸಿದ್ದ ಅಭಯಾರಣ್ಯ 1970ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಕಾಡುಗಳಿಗೂ ವಿಸ್ತರಿಸಿತು. 1988ರಲ್ಲಿ 643 ಚದರ ಕಿ.ಮೀ.ಗಳ ರಾಷ್ಟ್ರೀಯ ಉದ್ಯಾನವಾಯಿತು. ಕಾಯ್ದೆ ಕಾಗದದಿಂದ ಕಾಡಿಗೆ ಇಳಿದದ್ದು ಮಾತ್ರ ಕೆ.ಎಂ.ಚಿಣ್ಣಪ್ಪ ಅವರಂಥ ರೇಂಜರ್‌ಗಳ ಗಸ್ತಿನಿಂದ, ಅವರ ಜತೆ ನಡೆದ ವಾಚರ್‌ಗಳಿಂದ. ಆ ವಾಚರ್‌ಗಳಲ್ಲಿ ಇಲ್ಲಿನ ಆದಿವಾಸಿಗಳಾದ ಜೇನುಕುರುಬರೂ ಇದ್ದರು. ಅದೇ ಸಮುದಾಯದ ಎಷ್ಟೋ ಕುಟುಂಬಗಳು ಹಾಡಿ ಬಿಟ್ಟು ಕಾಡಿನ ಹೊರಗೆ ನೆಲೆಸಬೇಕಾಯಿತು ಎಂಬುದನ್ನು ಬಿಟ್ಟು ಈ ಸಂರಕ್ಷಣೆಯ ಕಥೆ ಹೇಳಲಾಗದು.

ಎಣಿಕೆಗೆ ಶಾಸ್ತ್ರದ ಬಲ ಬಂದದ್ದು 1980ರ ದಶಕದಲ್ಲಿ. ಯಂತ್ರಶಾಸ್ತ್ರ ಓದಿ ವನ್ಯಜೀವಿ ವಿಜ್ಞಾನಕ್ಕೆ ಬಂದ ಕೆ.ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಟ್ರಾನ್ಸೆಕ್ಟ್ ಲೈನ್ ನಡೆದು ಸಸ್ಯಾಹಾರಿಗಳನ್ನು ಲೆಕ್ಕಹಾಕಿದರು. ಕಾಡಿನಲ್ಲಿ ನೇರ ಗೆರೆಯಂತೆ ಕಾಲುದಾರಿ ಸವರಿರುತ್ತಾರೆ. ಬೆಳಕು ಹರಿಯುತ್ತಿದ್ದಂತೆ ಇಬ್ಬರು ಸದ್ದಿಲ್ಲದೆ ಹೊರಡುತ್ತಾರೆ. ಜಿಂಕೆ ಹಿಂಡು ಕಂಡರೆ ನಿಂತು ತಲೆ ಎಣಿಸಿ, ಎಷ್ಟು ದೂರ, ದಿಕ್ಸೂಚಿಯಲ್ಲಿ ಎಷ್ಟು ಕೋನ ಎಂದು ಬರೆದುಕೊಳ್ಳುತ್ತಾರೆ. ಗೆರೆಯಿಂದ ದೂರ ಹೋದಷ್ಟೂ ಕಣ್ಣಿಗೆ ಬೀಳುವವು ಕಡಿಮೆ. ಆ ಇಳಿಕೆಯನ್ನೇ ಹಿಡಿದು ಕಾಣದೆ ಉಳಿದವುಗಳ ಅಂದಾಜು ಸಿಗುತ್ತದೆ. ಕಾರಂತ ಮತ್ತು ಅವರ ಸಹ ಸಂಶೋಧಕ ಮೆಲ್ವಿನ್ ಸನ್‌ಕ್ವಿಸ್ಟ್ 1992ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಚದರ ಕಿ.ಮೀ.ಗೆ ಸುಮಾರು 50 ಚುಕ್ಕೆ ಜಿಂಕೆ, ಐದಾರು ಕಡವೆ, ನಾಲ್ಕು ಕಾಡುಕುರಿಗಳಿದ್ದವು.

ಕ್ಯಾಮೆರಾದ ಕಥೆ ಜಿಂಕೆಯಿಂದಲೇ ಶುರುವಾಗುತ್ತದೆ. ಅಮೆರಿಕದ ಜಾರ್ಜ್ ಶೈರಸ್ ಎಂಬ ಹಳೆಯ ಬೇಟೆಗಾರ ರಾತ್ರಿ ಹೊತ್ತು ದಾರ ಕಟ್ಟಿ, ಅದನ್ನು ಎಡವಿದ ಜಿಂಕೆ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ; ಆ ಚಿತ್ರಗಳು 1906ರಲ್ಲಿ ಅಚ್ಚಾದವು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯು.ಚಾಂಪಿಯನ್ 1920ರ ದಶಕದಲ್ಲಿ ಹುಲಿಯ ಮೇಲೆ ಇದೇ ಉಪಾಯ ಹೂಡಿದ. ಅಮೆರಿಕದ ಬೇಟೆ ಜಮೀನುಗಳಲ್ಲಿ ಇಂದು ಯಾವ ಗಂಡು ಜಿಂಕೆ ಹೊಡೆಯಬೇಕು, ಯಾವುದನ್ನು ಬೆಳೆಯಲು ಬಿಡಬೇಕು ಎಂದು ಗೊತ್ತುಮಾಡಲು ಇದೇ ಉಪಾಯದ ಇಂದಿನ ರೂಪವಾದ ಕ್ಯಾಮೆರಾ ಟ್ರ್ಯಾಪ್ ಬಳಸುತ್ತಾರೆ. ನಾಗರಹೊಳೆಯಲ್ಲಿ 1990ರ ದಶಕದ ಮೊದಲಿಗೆ ಅದು ಹುಲಿ ಎಣಿಕೆಗೆ ನಿಂತಿತು. ಹುಲಿಯ ಪಟ್ಟೆ ಒಂದರಂತೆ ಇನ್ನೊಂದಿಲ್ಲ, ಎಡಮೈಯಂತೆ ಬಲಮೈಯೂ ಇಲ್ಲ. ಹಾಗಾಗಿ ದಾರಿಯ ಎರಡೂ ಬದಿಗೆ ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮೆರಾ. ಕಾರಂತರ 1995ರ ಪ್ರಬಂಧ ಈ ವಿಧಾನವನ್ನು ಜಗತ್ತಿಗೆ ಪರಿಚಯಿಸಿತು. ಆಗ 36 ಚಿತ್ರಗಳ ರೀಲು. ಹಿಂಡು ಜಿಂಕೆ ಹಾದು ಹೋದರೆ ಹುಲಿ ಬರುವ ಮೊದಲೇ ಖಾಲಿ. ಈಗ ಮೆಮೊರಿ ಕಾರ್ಡ್ ಬಂದಿದೆ. ಆನೆ ಕಿತ್ತೆಸೆಯುವ ಕಾಟ ಮಾತ್ರ ತಪ್ಪಿಲ್ಲ.

2022ರ ರಾಷ್ಟ್ರೀಯ ಗಣತಿ ನಾಗರಹೊಳೆಗೆ 141 ಹುಲಿ ಎಂದಿತು. ಪತ್ರಿಕೆಗಳ ತಲೆಬರಹ ಹುಲಿಗೇ ಮೀಸಲು. ಆದರೆ ಅಷ್ಟು ಹುಲಿ, ಅವುಗಳ ಜತೆ ಚಿರತೆ, ಸೀಳುನಾಯಿ ಬದುಕಿರುವುದು ಹಿಂಡುಗಳ ಮೇಲೆ. ಹಿಂಡಿನ ಲೆಕ್ಕಕ್ಕೆ ಇಂದಿಗೂ ಮುಖ್ಯ ಆಸರೆ ಕಾಲ್ನಡಿಗೆಯೇ. ಜಿಂಕೆಗೂ ಚುಕ್ಕೆಗಳಿವೆ ನಿಜ. ಸಾವಿರಾರು ಜಿಂಕೆಗಳ ಚುಕ್ಕೆ ಹೊಂದಿಸಿ ನೋಡುವ ತಾಳ್ಮೆ ಯಾರಿಗಿದೆ?

ಇಲ್ಲಿ ಹಿಂಡಿನ ನಿರ್ವಹಣೆ ಎಂದರೆ ಬಂದೂಕಲ್ಲ, ಹುಲ್ಲು. ಹಡ್ಲು ಎಂದು ಕರೆಯುವ ಜೌಗು ಬಯಲುಗಳಲ್ಲಿ ಹಸಿರು ಉಳಿಸಬೇಕು, ಲಂಟಾನ ಕಿತ್ತು ಮೇವಿಗೆ ಜಾಗ ಬಿಡಿಸಬೇಕು, ಬೇಸಿಗೆಗೆ ಮುನ್ನ ಬೆಂಕಿರೇಖೆ ಸವರಬೇಕು, ಕಾಡಂಚಿನಲ್ಲಿ ಉರುಳು ಹುಡುಕಿ ತೆಗೆಯಬೇಕು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಹಳೆಯ ಕಾಡನ್ನು ಮುಳುಗಿಸಿತು. ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಆ ಕೆಸರಿನ ಮೇಲೆ ಎಳೆಹುಲ್ಲು ಚಿಗುರುತ್ತದೆ, ಅಂತರಸಂತೆ, ಡಿ.ಬಿ.ಕುಪ್ಪೆ ಕಡೆಯ ಜಿಂಕೆಗಳು ಸಂಜೆಗೆ ಅಲ್ಲಿಗೆ ಇಳಿಯುತ್ತವೆ.