ಅವಳು ಹೇಳಿದ್ದು ಎಲ್ಲಿಗೆ ಹೋಗುತ್ತದೆ?

ಕೊಚ್ಚಿಗೆ ಬಂದ ನಾಲ್ಕನೇ ವರ್ಷ ನಮ್ಮ ಆಫೀಸಿನ ಆಂತರಿಕ ದೂರು ಸಮಿತಿಗೆ ನನ್ನ ಹೆಸರನ್ನೂ ಸೇರಿಸಿದರು. ಕೇಳಿದ್ದಲ್ಲ, ಸೇರಿಸಿದ್ದು. ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಒಬ್ಬರು ಕಡಿಮೆ ಬಿದ್ದಿದ್ದರು. ಅರ್ಧ ದಿನದ ತರಬೇತಿ, ಒಂದಷ್ಟು ಸ್ಲೈಡು, ಕೊನೆಗೆ ಚಹಾ, ಪಳಂಪೊರಿ. ಆಮೇಲೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಅದೇ ಸ್ಲೈಡುಗಳನ್ನು ನಾನು ತೋರಿಸಬೇಕಾಯಿತು. ಎಲ್ಲ ಮುಗಿದ ಮೇಲೆ ಒಬ್ಬಳು ಹುಡುಗಿ ಬಾಗಿಲ ಹತ್ತಿರ ನಿಂತು ಕೇಳಿದಳು: ‘ಚೇಚೀ, ನಾವು ಬರೆದು ಕೊಟ್ಟದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ?’

ಗೌಪ್ಯವಾಗಿರುತ್ತದೆ ಎಂದೆ. ಸ್ಲೈಡಿನಲ್ಲಿ ಇದ್ದದ್ದೂ ಅಷ್ಟೇ. ಅವಳು ತಲೆಯಾಡಿಸಿ ಹೋದಳು. ಆದರೆ ನನ್ನ ಉತ್ತರ ನನಗೇ ಸರಿ ಎನಿಸಲಿಲ್ಲ. ಗೌಪ್ಯ ಎಂದರೆ ಯಾರಿಂದ ಗೌಪ್ಯ, ಯಾರ ಒಳಿತಿಗೆ ಗೌಪ್ಯ? ನಾನಿರುವುದು ಕಲೂರಿನಲ್ಲಿ. ಈ ಪ್ರಶ್ನೆಗೆ ಇಲ್ಲಿ ನೂರಿಪ್ಪತ್ತು ವರ್ಷದ ಚರಿತ್ರೆಯಿದೆ ಎಂದು ಗೊತ್ತಾದದ್ದು ಆಮೇಲೆ.

ಕಲೂರಿನಲ್ಲಿ ಮೆಟ್ರೋ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿದರೆ ತೃಪ್ಪೂಣಿತ್ತುರ. ಅಲ್ಲಿನ ಹಿಲ್ ಪ್ಯಾಲೇಸ್ ಈಗ ಮ್ಯೂಸಿಯಂ. ಶಾಲಾ ಮಕ್ಕಳು ಸಾಲಾಗಿ ಬಂದು ಕಿರೀಟ, ಪಲ್ಲಕ್ಕಿ ನೋಡಿ ಹೋಗುತ್ತಾರೆ. 1905ರಲ್ಲಿ ಇದು ಕೊಚ್ಚಿ ರಾಜರ ಅರಮನೆ. ಆ ವರ್ಷ ರಾಜ್ಯವನ್ನೇ ಅಲ್ಲಾಡಿಸಿದ್ದು ಕುರಿಯೇಡತ್ತು ತಾತ್ರಿ ಎಂಬ ನಂಬೂದಿರಿ ಹೆಣ್ಣುಮಗಳ ‘ಸ್ಮಾರ್ತವಿಚಾರಂ’. ನಂಬೂದಿರಿ ಮನೆಯ ಹೆಣ್ಣು ಪರಪುರುಷನ ಸಂಗ ಮಾಡಿದಳೆಂದು ಶಂಕೆ ಬಂದರೆ ನಡೆಯುವ ವಿಚಾರಣೆ ಅದು. ಮೊದಲು ಮನೆಯ ದಾಸಿಯನ್ನು ಕೇಳುವುದು. ಆಮೇಲೆ ಆ ಹೆಣ್ಣನ್ನು ‘ಅಂಜಾಂಪುರ’ ಎಂಬ ಪ್ರತ್ಯೇಕ ಜಾಗದಲ್ಲಿ ಕೂಡಿಹಾಕುವುದು. ಸ್ಮಾರ್ತ ಎನಿಸಿಕೊಂಡ ಪಂಡಿತ ಹೊರಗೆ ನಿಂತು ಪ್ರಶ್ನೆ ಕೇಳುತ್ತಾನೆ, ಮೀಮಾಂಸಕರು ಪಕ್ಕದಲ್ಲಿರುತ್ತಾರೆ, ರಾಜನ ಪ್ರತಿನಿಧಿಯೂ ಇರುತ್ತಾನೆ. ವಿಚಾರಣೆ ಶುರುವಾದ ಗಳಿಗೆಯಿಂದ ಅವಳಿಗೆ ಹೆಸರಿಲ್ಲ. ಅವಳನ್ನು ಕರೆಯುವುದು ‘ಸಾಧನಂ’ ಎಂದು. ಮಲಯಾಳದಲ್ಲಿ ಆ ಮಾತಿಗೆ ವಸ್ತು ಎಂದರ್ಥ. ಇವತ್ತಿಗೂ ಇಲ್ಲಿನ ಅಂಗಡಿಗಳಲ್ಲಿ ಸಾಮಾನಿಗೆ ಸಾಧನಂ ಎಂದೇ ಹೇಳುವುದು.

ತಾತ್ರಿ ಅರವತ್ತಕ್ಕೂ ಹೆಚ್ಚು ಗಂಡಸರ ಹೆಸರು ಹೇಳಿದಳು. ನಂಬೂದಿರಿಗಳು, ಅಯ್ಯರ್‌ಗಳು, ದೇವಸ್ಥಾನದ ಕೆಲಸದ ಅಂಬಲವಾಸಿಗಳು, ನಾಯರ್‌ಗಳು. ಪಂಡಿತರೂ ಇದ್ದರು, ಹೆಸರುವಾಸಿ ಕಥಕಳಿ ಕಲಾವಿದರೂ ಇದ್ದರು. ಹಳೆಯ ಪದ್ಧತಿಯಲ್ಲಿ ಅವಳು ಹೆಸರು ಹೇಳಿದರೆ ಮುಗಿಯಿತು, ಆ ಗಂಡಸು ಜಾತಿಯಿಂದ ಹೊರಗೆ. ರಾಜ ರಾಮವರ್ಮ ಹೊಸದೊಂದು ನಡೆ ಇಟ್ಟ: ಆರೋಪಿಗಳಿಗೆ ಅವಳನ್ನು ಪಾಟೀಸವಾಲು ಮಾಡುವ ಅವಕಾಶ ಕೊಟ್ಟ. ಅವಳು ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು. ಜುಲೈ ತಿಂಗಳಲ್ಲಿ ತೀರ್ಪು ಬಂತು. ಗಂಡಸರಿಗೂ ಭ್ರಷ್ಟು, ಅವಳಿಗೂ ಭ್ರಷ್ಟು. ಬದುಕಿದ್ದವಳು ಮನೆಯವರ ಪಾಲಿಗೆ ಸತ್ತವಳಾದಳು.

ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ, ‘ನಮ್ಮ ಕಡೆಯೂ ಇತ್ತಲ್ಲೇ, ಘಟಶ್ರಾದ್ಧ’ ಎಂದರು. ಹೌದು. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ 1977ರಲ್ಲಿ ಸಿನಿಮಾ ಮಾಡಿದ್ದರಿಂದ ಅದು ಕನ್ನಡಿಗರ ಕಣ್ಣಿಗೆ ಕಟ್ಟಿಬಿಟ್ಟಿದೆ. ಆದರೆ ತಾತ್ರಿಯ ಪ್ರಕರಣವನ್ನು ಮತ್ತೆ ಮತ್ತೆ ಓದಿದಾಗ ನನಗೆ ತಟ್ಟಿದ್ದು ಬೇರೆ. ಆ ವಿಚಾರಣೆಯಲ್ಲಿ ಅವಳಷ್ಟು ಮಾತಾಡಿದವರು ಯಾರೂ ಇಲ್ಲ. ಆದರೂ ಅದು ಅವಳ ದೂರು ಅಲ್ಲ. ನಿನ್ನ ಮೇಲೆ ಏನಾಯಿತು, ನಿನ್ನ ಒಪ್ಪಿಗೆ ಇತ್ತೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಕೆಟ್ಟದ್ದು ಕುಲದ ಶುದ್ಧಿ, ಸರಿಪಡಿಸಬೇಕಾದದ್ದೂ ಅದೇ. ಅವಳ ಮಾತು ಹೋದದ್ದು ಕುಲದ ಲೆಕ್ಕದ ಪುಸ್ತಕಕ್ಕೆ.

ತಾತ್ರಿಯ ವಿಚಾರಣೆಗೆ ಆರು ವರ್ಷ ಮೊದಲು, 1899ರಲ್ಲಿ, ತಿರುವನಂತಪುರದಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ಲಕ್ಷ್ಮಿ ಎನ್. ಮೆನನ್. 1948ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನ ಮೇಲೆ ಚರ್ಚೆ ನಡೆಯುವಾಗ ಇವರು ಭಾರತದ ಪ್ರತಿನಿಧಿ. ಪೀಠಿಕೆಯಲ್ಲಿ ‘ಗಂಡಸರ ಮತ್ತು ಹೆಂಗಸರ ಸಮಾನ ಹಕ್ಕು’ ಎಂದು ಬಿಡಿಸಿ ಬರೆಯಬೇಕೆಂದು ಪಟ್ಟು ಹಿಡಿದವರಲ್ಲಿ ಇವರೊಬ್ಬರು. ಅದಕ್ಕೂ ಮೊದಲು ಹಂಸಾ ಮೆಹ್ತಾ, ‘ಎಲ್ಲ ಪುರುಷರೂ’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ತೆಗೆಸಿ ‘ಎಲ್ಲ ಮಾನವರೂ’ ಎಂದು ಮಾಡಿಸಿದ್ದರು. ಹೇಳದೆ ಬಿಟ್ಟರೆ ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬ ಭರವಸೆ ಇಬ್ಬರಿಗೂ ಇರಲಿಲ್ಲ. ಅವರು ಬೆಳೆದ ಕಾಲ ಅಂಥದ್ದು.

1979ರ ಡಿಸೆಂಬರ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಹೆಂಗಸರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ತೊಡೆಯುವ ಒಡಂಬಡಿಕೆಯನ್ನು ಒಪ್ಪಿತು. ಚುಟುಕಾಗಿ ಇದನ್ನು ಸೀಡಾ ಎನ್ನುತ್ತಾರೆ. ಮೂವತ್ತು ವಿಧಿಗಳ ಈ ಒಡಂಬಡಿಕೆಯಲ್ಲಿ ಓದು, ಉದ್ಯೋಗ, ಆರೋಗ್ಯ, ಮದುವೆ ಎಲ್ಲ ಇದೆ. ಹೆಂಗಸರ ಮೇಲಿನ ಹಿಂಸೆಗೆಂದೇ ಒಂದು ವಿಧಿ ಮಾತ್ರ ಇಲ್ಲ. ಹೊಡೆತ, ಬಲಾತ್ಕಾರ, ಕಿರುಕುಳವೆಲ್ಲ ಆಗ ಆಯಾ ದೇಶದ ಪೊಲೀಸರ ವಿಷಯ ಅಥವಾ ಮನೆಯೊಳಗಿನ ವಿಷಯ. 1992ರಲ್ಲಿ ಸೀಡಾ ಸಮಿತಿ ತನ್ನ 19ನೇ ಸಾಮಾನ್ಯ ಶಿಫಾರಸಿನಲ್ಲಿ ಈ ಕೊರತೆ ತುಂಬಿತು. ಹೆಣ್ಣೆಂಬ ಕಾರಣಕ್ಕೆ ನಡೆಯುವ ಹಿಂಸೆಯೂ ತಾರತಮ್ಯವೇ, ಅದನ್ನು ತಡೆಯದ ಸರ್ಕಾರ ಒಡಂಬಡಿಕೆ ಮುರಿದಂತೆ ಎಂದಿತು. ಕೆಲಸದ ಜಾಗದ ಲೈಂಗಿಕ ಕಿರುಕುಳ ಎಂದರೆ ಏನೆಂದೂ ವಿವರಿಸಿತು: ಮೈಮೇಲೆ ಬೀಳುವುದು, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಲೈಂಗಿಕ ಬೇಡಿಕೆ ಇಡುವುದು.

ಅದೇ 1992ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ಸಾಥಿನ್. ಹಸುಗೂಸಿನ ಮದುವೆ ತಡೆಯಲು ಹೋಗಿದ್ದು ಅವರ ಕೆಲಸದ ಭಾಗ. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ವಿಶಾಖಾ ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿ ಬೇರೆಯದೇ ಪ್ರಶ್ನೆ ಇಟ್ಟವು: ಕೆಲಸಕ್ಕೆ ಹೋದ ಹೆಂಗಸಿಗೆ ರಕ್ಷಣೆ ಕೊಡುವ ಕಾನೂನು ಈ ದೇಶದಲ್ಲಿ ಎಲ್ಲಿದೆ?

ಎಲ್ಲೂ ಇರಲಿಲ್ಲ. 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕಿರ್ಪಾಲ್ ಅವರ ಪೀಠ, ನಮ್ಮ ಕಾನೂನಿನಲ್ಲಿ ತೆರವಿರುವಾಗ ದೇಶ ಒಪ್ಪಿ ಸಹಿ ಹಾಕಿದ ಒಡಂಬಡಿಕೆಯನ್ನು ಸಂವಿಧಾನದ ಮೂಲಭೂತ ಹಕ್ಕುಗಳೊಂದಿಗೆ ಸೇರಿಸಿ ಓದಬೇಕು ಎಂದಿತು. ಭಾರತ ಸೀಡಾವನ್ನು 1993ರ ಜುಲೈನಲ್ಲಿ ಸ್ಥಿರೀಕರಿಸಿದ್ದು ಹೀಗೆ ಉಪಯೋಗಕ್ಕೆ ಬಂತು. ಸಮಿತಿಯ ವಿವರಣೆ ಹೆಚ್ಚು ಕಡಿಮೆ ಅದೇ ರೂಪದಲ್ಲಿ ವಿಶಾಖಾ ಮಾರ್ಗಸೂಚಿಗೆ ಬಂತು, ಹದಿನಾರು ವರ್ಷದ ನಂತರ 2013ರ ಕಾಯ್ದೆಗೆ ಬಂತು, ಅಲ್ಲಿಂದ ನಮ್ಮ ಪ್ಯಾಂಟ್ರಿಯ ಗೋಡೆಯ ಪೋಸ್ಟರಿಗೆ ಬಂತು. ಕಾಫಿ ಯಂತ್ರದ ಪಕ್ಕ ನಾವು ಓದದೆ ದಾಟಿ ಹೋಗುವ ಐದಾರು ಸಾಲಿನ ಹಿಂದೆ ಭಂವರಿ ದೇವಿ ಇದ್ದಾರೆ. ತರಬೇತಿಯಲ್ಲಿ ಅವರ ಹೆಸರನ್ನು ಯಾರೂ ಹೇಳಿರಲಿಲ್ಲ.

ಸೀಡಾವನ್ನು ಒಪ್ಪುವಾಗ ಭಾರತ ಒಂದು ಮಾತು ಸೇರಿಸಿತ್ತು. ರೂಢಿ ಸಂಪ್ರದಾಯ ಬದಲಿಸುವ 5(ಎ) ವಿಧಿಯನ್ನೂ ಮದುವೆ ಕುಟುಂಬದ 16(1)ನೇ ವಿಧಿಯನ್ನೂ ಪಾಲಿಸುವುದು, ಯಾವುದೇ ಸಮುದಾಯದ ಒಳವಿಷಯದಲ್ಲಿ ಆ ಸಮುದಾಯವೇ ಮುಂದಾಗಿ ಒಪ್ಪದೆ ಕೈಹಾಕುವುದಿಲ್ಲ ಎಂಬ ನೀತಿಗೆ ಒಳಪಟ್ಟು ಎಂದು. ಒಳವಿಷಯ ಎಂಬ ಈ ಮಾತು 1905ರಲ್ಲೂ ಇತ್ತು. ನೂರು ವರ್ಷ ದಾಟಿದ ಮೇಲೆ ಅದು ಕಲೂರಿಗೆ ಬಂತು, ಬೇರೆ ವೇಷದಲ್ಲಿ.

2017ರ ಫೆಬ್ರವರಿ 17ರ ರಾತ್ರಿ ತ್ರಿಶೂರಿನಿಂದ ಕೊಚ್ಚಿಗೆ ಬರುತ್ತಿದ್ದ ನಟಿಯೊಬ್ಬರನ್ನು ಅಪಹರಿಸಿ ಚಲಿಸುವ ಕಾರಿನಲ್ಲೇ ಲೈಂಗಿಕ ದೌರ್ಜನ್ಯ ಎಸಗಲಾಯಿತು. ಅವರು ಸುಮ್ಮನಾಗದೆ ದೂರು ಕೊಟ್ಟರು. ಆ ಮೇ ತಿಂಗಳಲ್ಲಿ ಚಿತ್ರರಂಗದ ಹೆಂಗಸರು ವಿಮೆನ್ ಇನ್ ಸಿನಿಮಾ ಕಲೆಕ್ಟಿವ್ ಕಟ್ಟಿಕೊಂಡು ತಿರುವನಂತಪುರಕ್ಕೆ ಹೋಗಿ ಮುಖ್ಯಮಂತ್ರಿಯನ್ನು ಕಂಡರು. ಜುಲೈನಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ, ಹಿರಿಯ ನಟಿ ಶಾರದಾ, ನಿವೃತ್ತ ಐಎಎಸ್ ಅಧಿಕಾರಿ ಕೆ.ಬಿ. ವತ್ಸಲಾ ಕುಮಾರಿ ಅವರ ಸಮಿತಿ ರಚನೆಯಾಯಿತು.

ಸಮಿತಿ ವರದಿ ಕೊಟ್ಟದ್ದು 2019ರ ಡಿಸೆಂಬರ್ 31ರಂದು. ಜನ ಅದನ್ನು ಓದಿದ್ದು 2024ರ ಆಗಸ್ಟ್ 19ರಂದು, ಅದೂ ರಾಜ್ಯ ಮಾಹಿತಿ ಆಯೋಗದ ಆದೇಶದ ಮೇಲೆ, ಹಲವು ಪುಟ ತೆಗೆದು. ನಾಲ್ಕು ವರ್ಷ ಏಳು ತಿಂಗಳು ಅದು ಸೆಕ್ರೆಟರಿಯೇಟಿನಲ್ಲಿ ಇತ್ತು. ಹೆಂಗಸರ ಗುರುತು ಕಾಯಬೇಕೆಂಬುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಹೆಂಗಸರ ಹೆಸರಿನ ಜೊತೆಗೆ ಶೂಟಿಂಗ್ ಜಾಗದಲ್ಲಿ ಶೌಚಾಲಯ ಇಲ್ಲ ಎಂಬ ಸಂಗತಿಯೂ ಅಷ್ಟು ವರ್ಷ ಗೌಪ್ಯವಾಗಿ ಉಳಿಯಿತು. ಅದರಿಂದ ಯಾರ ಗುರುತು ಉಳಿಯಿತು?

ವರದಿಯಲ್ಲಿ ಇದ್ದದ್ದು ಇಂಥವೇ. ಬಟ್ಟೆ ಬದಲಿಸಲು ಜಾಗವಿಲ್ಲ, ಶೌಚಕ್ಕೆ ಹೋಗಬೇಕಾಗುತ್ತದೆ ಎಂದು ನೀರೇ ಕುಡಿಯದೆ ಕೂರುವುದು, ರಾತ್ರಿ ಹೋಟೆಲ್ ಕೋಣೆಯ ಬಾಗಿಲು ಬಡಿಯುವುದು, ‘ಅಡ್ಜಸ್ಟ್‌ಮೆಂಟ್’, ‘ಕಾಂಪ್ರಮೈಸ್’ ಎಂಬ ಮಾತು. ಅದೇ 2019ರ ಜೂನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜಿನೀವಾದಲ್ಲಿ 190ನೇ ಒಡಂಬಡಿಕೆಯನ್ನು ಒಪ್ಪಿತ್ತು. ಕೆಲಸದ ಲೋಕ ಎಂದರೆ ಕೆಲಸ ನಡೆಯುವ ಜಾಗ ಮಾತ್ರವಲ್ಲ. ವಿಶ್ರಾಂತಿಯ ಜಾಗ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಮಾಲೀಕ ಒದಗಿಸಿದ ವಸತಿ, ಕೆಲಸಕ್ಕೆ ಹೋಗಿ ಬರುವ ದಾರಿ, ಎಲ್ಲವೂ ಎಂದು ಅದರ 3ನೇ ವಿಧಿ ಪಟ್ಟಿ ಮಾಡುತ್ತದೆ. ಹೇಮಾ ಸಮಿತಿಗೆ ಹೆಂಗಸರು ಹೇಳಿದ ಜಾಗಗಳು ಸಾಲಾಗಿ ಅಲ್ಲಿವೆ. ಭಾರತ ಆ ಒಡಂಬಡಿಕೆಯನ್ನು ಸ್ಥಿರೀಕರಿಸಿಲ್ಲ.

ನಡುವೆ ಒಂದು ತೀರ್ಪು ಬಂದಿತ್ತು. ಸಿನಿಮಾ ತಂಡ ಇವತ್ತು ಕೂಡಿ ನಾಳೆ ಚದುರುತ್ತದೆ, ಅದು ಯಾವ ಆಫೀಸು, ಯಾರು ಮಾಲೀಕ ಎಂಬ ವಾದಕ್ಕೆ ಕೇರಳ ಹೈಕೋರ್ಟ್ 2022ರ ಮಾರ್ಚ್ 17ರಂದು ಉತ್ತರ ಕೊಟ್ಟಿತು. ಕಲೆಕ್ಟಿವ್ 2018ರಲ್ಲಿ ಹಾಕಿದ ಅರ್ಜಿ ಅದು. ಪ್ರತಿ ಚಿತ್ರದ ನಿರ್ಮಾಣ ತಂಡವೂ ಕೆಲಸದ ಜಾಗವೇ, ಅಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು ಎಂದಿತು ನ್ಯಾಯಾಲಯ. ಆದರೆ ಅಂಥ ಸಮಿತಿಯನ್ನೂ ಬಲಾಢ್ಯರು ಬಗ್ಗಿಸಬಹುದು, ಆದ್ದರಿಂದ ಕಾನೂನು ಮಾಡಿ ಸ್ವತಂತ್ರ ನ್ಯಾಯಮಂಡಳಿ ಬೇಕು ಎಂಬುದು ಹೇಮಾ ಸಮಿತಿಯ ಶಿಫಾರಸು.

ಮಲಯಾಳಂ ಕಲಾವಿದರ ಸಂಘದ ಹೆಸರಿನ ಮೊದಲಕ್ಷರಗಳು ಸೇರಿದರೆ ‘ಅಮ್ಮ’ ಎಂದಾಗುತ್ತದೆ. 1994ರಲ್ಲಿ ಹುಟ್ಟಿದ ಸಂಘದ ಕಚೇರಿ ಇರುವುದು ಇಲ್ಲೇ, ಕಲೂರಿನಲ್ಲಿ. ವರದಿ ಬಂದ ವಾರದಲ್ಲಿ ನಾನು ಬೆಳಗ್ಗೆ ಹಾಲು ತರಲು ಹೋದರೂ ಟಿವಿ ಚಾನೆಲ್ಲಿನ ವ್ಯಾನು ಕಾಣುತ್ತಿತ್ತು. ಆಗಸ್ಟ್ 27ರಂದು ಹದಿನೇಳು ಮಂದಿಯ ಕಾರ್ಯಕಾರಿ ಸಮಿತಿ ಒಟ್ಟಿಗೆ ರಾಜೀನಾಮೆ ಕೊಟ್ಟಿತು. ಮರುವರ್ಷ ಆಗಸ್ಟ್ 15ರ ಚುನಾವಣೆಯಲ್ಲಿ ಶ್ವೇತಾ ಮೆನನ್ ಗೆದ್ದು, ಸಂಘಕ್ಕೆ ಮೊದಲ ಬಾರಿ ಮಹಿಳೆಯೊಬ್ಬರು ಅಧ್ಯಕ್ಷರಾದರು. ನಮ್ಮ ಬೆಂಗಳೂರಿನಲ್ಲೂ 2024ರ ಸೆಪ್ಟೆಂಬರಿನಲ್ಲಿ ಫೈರ್ ಸಂಘಟನೆಯವರು, ಕನ್ನಡ ಚಿತ್ರರಂಗಕ್ಕೂ ಇಂಥದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟರು.

ಆದರೆ ಕಥೆಯ ಕಷ್ಟದ ಭಾಗ ಆಮೇಲಿನದು. ವರದಿಯ ಹೇಳಿಕೆಗಳ ಮೇಲೆ ವಿಶೇಷ ತನಿಖಾ ತಂಡ ಪ್ರಕರಣ ದಾಖಲಿಸಿತು. ಪೊಲೀಸರು ಮನೆ ಬಾಗಿಲಿಗೆ ಹೋದಾಗ ಹೆಚ್ಚಿನವರು ಮತ್ತೆ ಹೇಳಿಕೆ ಕೊಡಲು ಒಪ್ಪಲಿಲ್ಲ. 2025ರ ಜೂನಿನ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಪ್ರಕರಣ ಕೈಬಿಡಬೇಕಾಯಿತು. ಹಾಗಿದ್ದರೆ ಎಲ್ಲ ಸುಳ್ಳು ಎಂದು ಆಫೀಸಿನ ಊಟದ ಮೇಜಿನಲ್ಲಿ ಒಬ್ಬರು ಹೇಳಿದರು. ನಾನು ಹಾಗೆ ಓದುವುದಿಲ್ಲ. ಗೌಪ್ಯ ಎಂದು ನಂಬಿ ಒಬ್ಬರಿಗೆ ಹೇಳಿದ ಮಾತು ತನ್ನನ್ನು ಕೇಳದೆ ಇನ್ನೊಬ್ಬರ ಕೈಗೆ ಹೋಗಿದೆ ಎಂದು ಗೊತ್ತಾದರೆ ಯಾರಾದರೂ ಬಾಗಿಲು ಹಾಕಿಕೊಳ್ಳುತ್ತಾರೆ. ತಾತ್ರಿಗೆ ತನ್ನ ಮಾತು ಎಲ್ಲಿಗೆ ಹೋಗಬೇಕೆಂದು ಹೇಳುವ ಹಕ್ಕಿರಲಿಲ್ಲ. ಬೇಡ ಎಂದು ಹೇಳಲು ಈ ಹೆಂಗಸರಿಗೆ ಸಾಧ್ಯವಾಯಿತು. ನ್ಯಾಯ ಸಿಕ್ಕಿತು ಎಂದಲ್ಲ. ಅವರು ‘ಸಾಧನಂ’ ಆಗಿ ಉಳಿಯಲಿಲ್ಲ, ಅಷ್ಟೇ. ಅಷ್ಟಕ್ಕೆ ನೂರಿಪ್ಪತ್ತು ವರ್ಷ ಹಿಡಿಯಿತು.

ಮುಂದಿನ ಬ್ಯಾಚಿಗೆ ಸ್ಲೈಡು ತೋರಿಸುವಾಗ ನಾನೇ ಕೈಯಲ್ಲಿ ಬರೆದುಕೊಂಡು ಹೋದ ಒಂದು ಹಾಳೆ ಓದಿದೆ. ನೀವು ಬರೆದು ಕೊಟ್ಟದ್ದು ಈ ಸಮಿತಿಯವರಿಗೆ ಮತ್ತು ಎದುರು ಪಕ್ಷಕ್ಕೆ ಹೋಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿಯ ಪ್ರತಿ ನಿಮಗೂ ಸಿಗಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಇದೆ. ಮಾಲೀಕನ ಮೇಲೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ, ಪೊಲೀಸರೂ ಇದ್ದಾರೆ. ನಿಮ್ಮ ಹೆಸರನ್ನು ಹೊರಗೆ ಹೇಳಿದರೆ ನಮಗೆ ದಂಡ. ಆಮೇಲೆ ಭಂವರಿ ದೇವಿಯ ಹೆಸರು ಹೇಳಿದೆ.

ಹಿಂದಿನ ಸಲ ಪ್ರಶ್ನೆ ಕೇಳಿದ ಹುಡುಗಿ ಈ ಸಲ ಹೊಸಬಳೊಬ್ಬಳನ್ನು ಕರೆದುಕೊಂಡು ಬಂದು ಹಿಂದೆ ಕೂತಿದ್ದಳು. ಏನೂ ಕೇಳಲಿಲ್ಲ. ಹೋಗುವಾಗ ಸಮಿತಿಯ ಹೊರಗಿನ ಸದಸ್ಯೆಯ ಫೋನ್ ನಂಬರನ್ನು ಇಬ್ಬರೂ ಬರೆದುಕೊಂಡು ಹೋದರು.