ಮೂತ್ರಾಂಗಗಳ ಅರ್ಬುದ: ಮಂಡ್ಯ ಸೀಮೆಯಲ್ಲಿ ಚಿಕಿತ್ಸೆ

ಮೂತ್ರಪಿಂಡ, ಮೂತ್ರಕೋಶ, ಪ್ರಾಸ್ಟೇಟ್ ಗ್ರಂಥಿ, ವೃಷಣ ಮೊದಲಾದ ಅವಯವಗಳಲ್ಲಿ ತಲೆದೋರುವ ಅರ್ಬುದಗಳ ಸಮುದಾಯ. ಮೂತ್ರಕೋಶದ ಅರ್ಬುದದ ಪ್ರಥಮ ಚಿಹ್ನೆ ಬಹುಮಟ್ಟಿಗೆ ನೋವಿಲ್ಲದೆ ಮೂತ್ರದೊಡನೆ ರಕ್ತ ಹೋಗುವುದು. ನೋವಿಲ್ಲವೆಂಬ ಕಾರಣದಿಂದಲೇ ಅದನ್ನು ಮೈಯ ಉಷ್ಣವೆಂದೆಣಿಸಿ ಎಳನೀರು ಕುಡಿದು ಸುಮ್ಮನಾಗುವ ರೋಗಿಯು, ರಕ್ತವು ತಾನಾಗಿ ನಿಂತೊಡನೆ ರೋಗವೂ ತೊಲಗಿತೆಂದು ಭ್ರಮಿಸುವುದುಂಟು. ಬೀಡಿ, ಸಿಗರೇಟುಗಳ ಸೇವನೆ ಇದರ ಪ್ರಬಲ ಕಾರಣ.

ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಮಂಡ್ಯದಲ್ಲಿ 2006ರಲ್ಲಿ ಸ್ಥಾಪಿತವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇರುವುವಾದರೂ, ಕ್ಲಿಷ್ಟ ಶಸ್ತ್ರಕ್ರಿಯೆಗೆ ಮೈಸೂರನ್ನೋ, ಬೆಂಗಳೂರಿನ ಕಿದ್ವಾಯಿ ಅರ್ಬುದ ಸಂಸ್ಥೆಯನ್ನೋ ಆಶ್ರಯಿಸುವುದು ವಾಡಿಕೆ. ಮಂಡ್ಯ, ಮದ್ದೂರುಗಳಿಗೆ ರೈಲುಂಟು. ಮಳವಳ್ಳಿಯವರಿಗೆ ಬಸ್ಸೇ ಗತಿ.

ಸಂಶೋಧನೆಯ ಫಲವು ಈ ದೂರವನ್ನು ಲೆಕ್ಕಿಸುವುದಿಲ್ಲ. ಕ್ಷಯನಿರೋಧಕವಾದ ಬಿಸಿಜಿಯನ್ನು ಮೂತ್ರಕೋಶದೊಳಕ್ಕೆ ಹುಯ್ದು ಅರ್ಬುದದ ಮರುಕಳಿಕೆಯನ್ನು ತಡೆಯಬಹುದೆಂದು 1976ರಲ್ಲಿ ಕೆನಡಾದ ಮೊರಾಲೆಸ್ ಪ್ರಕಟಿಸಿದ ಚಿಕಿತ್ಸೆಯು ವಾರಕ್ಕೊಮ್ಮೆಯಂತೆ ಆರು ವಾರ ನಡೆಯತಕ್ಕದ್ದು. ಆಮೇಲೂ ಆರಂಭದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ದರ್ಶಕನಳಿಗೆಯಿಂದ ಮೂತ್ರಕೋಶದ ಒಳಪರೀಕ್ಷೆ ಆಗಬೇಕು. ದಿನಗೂಲಿಯವನಿಗೆ ಔಷಧಕ್ಕಿಂತ ಈ ಓಡಾಟವೇ ದುಬಾರಿಯೆನಿಸಿದರೆ ಅಚ್ಚರಿಯಿಲ್ಲ. ಪ್ರಾಸ್ಟೇಟ್ ಅರ್ಬುದವು ಪುರುಷಹಾರ್ಮೋನನ್ನು ಅವಲಂಬಿಸುವುದೆಂದು 1941ರಲ್ಲಿ ತೋರಿಸಿಕೊಟ್ಟ ಹಗಿನ್ಸ್‌ಗೆ 1966ರ ನೊಬೆಲ್ ಪಾರಿತೋಷಕ ದೊರೆಯಿತು. ಆ ಶೋಧವನ್ನನುಸರಿಸಿ, ಆ ಹಾರ್ಮೋನಿನ ಮೂಲವಾದ ವೃಷಣಗಳನ್ನು ಒಮ್ಮೆಗೇ ತೆಗೆಯುವ ಕ್ರಮವು, ಅದನ್ನು ತಗ್ಗಿಸುವ ಚುಚ್ಚುಮದ್ದಿಗಾಗಿ ಪದೇ ಪದೇ ಬರಲಾರದ ಹಳ್ಳಿಗನಿಗೆ ಇಂದಿಗೂ ಉಪಯುಕ್ತ.

ಕಿದ್ವಾಯಿಯ ಜನಸಂಖ್ಯಾಧಾರಿತ ಅರ್ಬುದ ದಾಖಲೆಯು 1982ರಿಂದ ಬೆಂಗಳೂರು ನಗರವನ್ನು ಕುರಿತದ್ದು; ಅದರ ಅಂಕಿಗಳನ್ನು ಕಬ್ಬು-ಬತ್ತದ ಈ ಸೀಮೆಗೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲ.