ಸಂಶೋಧನ ನಿಯತಕಾಲಿಕಗಳು ಮತ್ತು ಕೃತಿಚೌರ್ಯ

ಮೊದಲ ವಿಜ್ಞಾನ ನಿಯತಕಾಲಿಕಗಳು ಹೊರಟದ್ದು 1665ರಲ್ಲಿ. ಪ್ರಕಟಣೆಗೆ ಬಂದ ಲೇಖನದಲ್ಲಿ ಇನ್ನೊಬ್ಬರ ಬರಹವೋ ದತ್ತಾಂಶವೋ ಸೇರಿಕೊಂಡಿದೆಯೇ ಎಂದು ಹುಡುಕಲು ಅಲ್ಲಿಂದ ಮೂರು ಶತಮಾನ ಸಂಪಾದಕರಿಗಿದ್ದ ಸಾಧನ ಒಂದೇ: ಓದಿದವರ ನೆನಪು.

ಆ ನೆನಪು ಎಷ್ಟು ದುರ್ಬಲವೆಂದು ಎಲಿಯಾಸ್ ಅಲ್ಸಾಬ್ತಿಯ ಪ್ರಕರಣ ತೋರಿಸಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿದ್ದ ಈತ ಪ್ರಕಟಿತ ಲೇಖನಗಳ ಶೀರ್ಷಿಕೆ, ಲೇಖಕರ ಹೆಸರು ಬದಲಿಸಿ ಹೆಚ್ಚು ಜನ ಓದದ ಪತ್ರಿಕೆಗಳಿಗೆ ಕಳಿಸುತ್ತಿದ್ದ. ಒಮ್ಮೆ ಯುರೋಪಿನ ಪತ್ರಿಕೆಯೊಂದು, ಆಗಲೇ ತೀರಿಕೊಂಡಿದ್ದ ವಿಜ್ಞಾನಿಯೊಬ್ಬರ ಹೆಸರಿಗೆ ಪರಿಶೀಲನೆಗೆಂದು ಕಳಿಸಿದ ಹಸ್ತಪ್ರತಿ ಈತನ ಕೈಸೇರಿತು. ಮೂಲ ಲೇಖಕರದ್ದು ಅಚ್ಚಾಗುವ ಮೊದಲೇ ಅದು ಜಪಾನಿನ ಪತ್ರಿಕೆಯೊಂದರಲ್ಲಿ ಅಲ್ಸಾಬ್ತಿಯ ಹೆಸರಿನಲ್ಲಿ ಬಂತು! 1980ರಲ್ಲಿ ಗುಟ್ಟು ಬಯಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಯೇಲ್ ವಿಶ್ವವಿದ್ಯಾಲಯದಲ್ಲೂ, ಪರಿಶೀಲನೆಗೆ ಬಂದ ಹಸ್ತಪ್ರತಿಯ ಸಾಲುಗಳು ಪರಿಶೀಲಿಸಿದವರ ಲೇಖನದಲ್ಲೇ ಕಾಣಿಸಿಕೊಂಡವು. ಕಾವಲಿಗಿಟ್ಟ ವ್ಯವಸ್ಥೆಯ ಒಳಗಿಂದಲೇ ಕಳವು ನಡೆದಿತ್ತು.

1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ‘ಕಮಿಟಿ ಆನ್ ಪಬ್ಲಿಕೇಷನ್ ಎಥಿಕ್ಸ್’ (ಕೋಪ್) ಕಟ್ಟಿದರು. ಅನುಮಾನ ಬಂದಾಗ ಏನೇನು ಮಾಡಬೇಕೆಂಬ ಕ್ರಮವನ್ನು ಅದು ಗೊತ್ತುಮಾಡಿತು. ಮೊದಲು ಪುರಾವೆ ಮುಂದಿಟ್ಟು ಲೇಖಕರನ್ನೇ ಕೇಳಬೇಕು. ಉತ್ತರ ಸಮಾಧಾನ ತರದಿದ್ದರೆ ಲೇಖನ ತಿರಸ್ಕರಿಸಿ, ಅಗತ್ಯ ಕಂಡರೆ ಅವರ ಸಂಸ್ಥೆಗೆ ತಿಳಿಸಬೇಕು. ಅಚ್ಚಾಗಿಬಿಟ್ಟ ಲೇಖನವನ್ನು ಹಿಂತೆಗೆದರೂ ಸಾಮಾನ್ಯವಾಗಿ ಅಳಿಸಿಹಾಕುವುದಿಲ್ಲ. ಹಿಂತೆಗೆದುಕೊಂಡಿದೆ ಎಂಬ ಗುರುತು ಹೊತ್ತು ಅದು ಅಲ್ಲೇ ಉಳಿಯುತ್ತದೆ.

2008ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಆರಂಭಿಸಿದ ಕ್ರಾಸ್‌ಚೆಕ್ (ಈಗಿನ ಸಿಮಿಲಾರಿಟಿ ಚೆಕ್) ಹೊಸ ಹಸ್ತಪ್ರತಿಯನ್ನು ಲಕ್ಷಾಂತರ ಪ್ರಕಟಿತ ಲೇಖನಗಳೊಂದಿಗೆ ಹೋಲಿಸಿ, ಹೊಂದುವ ಪಠ್ಯ ಶೇಕಡಾ ಎಷ್ಟೆಂದು ಹೇಳುತ್ತದೆ. ಈ ಅಂಕಿಯನ್ನೇ ತೀರ್ಪೆಂದು ಭಾವಿಸುವವರು ಹಲವರು. ಆದರೆ ಪ್ರಯೋಗವಿಧಾನದ ಸವಕಲು ವಾಕ್ಯಗಳಿಂದಲೇ ಅಂಕಿ ಏರಬಹುದು. ಬೇರೆ ಭಾಷೆಯಿಂದ ಅನುವಾದಿಸಿದ್ದು, ವಿಚಾರವನ್ನಷ್ಟೇ ಕದ್ದದ್ದು ಸಲೀಸಾಗಿ ನುಸುಳಬಹುದು. ಹಾಗಾಗಿ ಯಾವ ಭಾಗ, ಯಾರದ್ದು, ಉಲ್ಲೇಖವಿದೆಯೇ ಎಂದು ಸಂಪಾದಕರು ಕೂತು ಓದದೆ ಬೇರೆ ದಾರಿಯಿಲ್ಲ.

ಶಿಕ್ಷಿಸುವ ಅಧಿಕಾರವಂತೂ ಪತ್ರಿಕೆಗಳಿಗೆ ಬರಲೇ ಇಲ್ಲ. ಅದು ಲೇಖಕರ ಸಂಸ್ಥೆಯದ್ದು. ಸಂಸ್ಥೆ ಪತ್ರಕ್ಕೆ ಉತ್ತರಿಸದಿದ್ದರೆ ಹಿಂತೆಗೆತಕ್ಕೆ ವರ್ಷಗಳೇ ಹಿಡಿಯುತ್ತವೆ. ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತಂದ ನಿಯಮಾವಳಿಯೂ ಶೇಕಡಾ ಲೆಕ್ಕವನ್ನೇ ನೆಚ್ಚಿದೆ: ಶೇ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ, ಶೇ 60 ಮೀರಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿಯೇ ರದ್ದು.